ಮುದುಕಮ್ಮನ ಮನೆ ನೋಡಲು ಬಂದವರು

ಬೆಳಗಿನಿಂದ ಲಲಿತಾಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಡವರಿಗೆ ಮನೆ ಕಟ್ಟಿಕೊಡುವ ಕೇಂದ್ರದ ಯೋಜನೆಯ ನಿಯಮ ತಿದ್ದಬೇಕೆಂದು ಸಂಸತ್ತಿನಲ್ಲಿ ಮಾತು ಎದ್ದು, ಊರೂರಿನ ಸ್ಥಿತಿ ಕಣ್ಣಾರೆ ನೋಡಲು ಹೊರಟ ಸಮಿತಿ ಅಂದು ತಾಲ್ಲೂಕು ಕೇಂದ್ರವಾದ ಯಲಬುರ್ಗಾಕ್ಕೆ ಬರುವುದಿತ್ತು. ಗೋಡೆ ಕಲ್ಲಿನದಾದರೆ ಸಾಕು, ಸರ್ವೆಯವರು 'ಪಕ್ಕಾ ಮನೆ' ಎಂದು ಬರೆದು, ಪಟ್ಟಿಯಿಂದ ಹೆಸರು ಬಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಮೇಲಿನ ಮಣ್ಣಿನ ಚಾವಣಿ, ಆ ಮಾಳಿಗೆ, ಯಾವಾಗ ಕುಸಿಯುತ್ತದೋ ಎಂದು ಕತ್ತೆತ್ತಿ ನೋಡುವ ವ್ಯವಧಾನ ಆ ಪುಣ್ಯಾತ್ಮರಿಗೆಲ್ಲಿ? ಪಂಚಾಯಿತಿ ಸದಸ್ಯೆ ಲಲಿತಾ ಮೂರು ಸಲ ಅರ್ಜಿ ಬರೆದಿದ್ದಳು. ಅವಳ ಹಳ್ಳಿಯಲ್ಲಿ ಅಂಥವು ಅರವತ್ತು ಮನೆ. ಸಮಿತಿ ನೋಡಲು ಒಪ್ಪಿದ್ದು ಒಂದೇ ಮನೆ, ಹತ್ತೇ ನಿಮಿಷ.

ಅದು ಒಂಟಿ ಹೆಂಗಸು ಮುದುಕಮ್ಮನದು. ಮಾಳಿಗೆ ಹೊತ್ತ ತೊಲೆ ಬಿರುಕು ಬಿಟ್ಟು ಬಾಗಿದ್ದರಿಂದ ನಡುಮನೆಯಲ್ಲಿ ಅದಕ್ಕೊಂದು ಬೇವಿನ ಕಂಬ ಆನಿಸಿ ನಾಲ್ಕು ವರ್ಷವಾಗಿತ್ತು.

"ಆಯಿ, ಏನೂ ಮುಟ್ಟಬ್ಯಾಡ. ಹ್ಯಾಂಗೈತಿ ಹಂಗ ಇರ್ಲಿ," ಎಂದು ಹೇಳಿ ಲಲಿತಾ ಸಮಿತಿಯನ್ನು ಕರೆತರಲು ಯಲಬುರ್ಗಾದ ಬಸ್ಸು ಹತ್ತಿದ್ದಳು.

ಮಧ್ಯಾಹ್ನ ಸಮಿತಿಯ ಜೀಪುಗಳೊಂದಿಗೆ ಊರಿಗೆ ಬಂದಳು. ಮನೆಯೊಳಗೆ ಕಾಲಿಟ್ಟವಳೇ ದಂಗಾದಳು. ಗೋಡೆಗೆ ಹೊಸ ಸುಣ್ಣ, ನೆಲಕ್ಕೆ ಸಗಣಿ ಸಾರಣೆ, ಅದರ ಮೇಲೆ ಕಡ ತಂದ ಜಮಖಾನ. ಜಂತಿಗೆ ಇಳಕಲ್ ಸೀರೆ ಕಟ್ಟಿ ಮಾಳಿಗೆಯನ್ನೇ ಮುಚ್ಚಿದ್ದರು. ನಡುವಿನ ಕಂಬ ಮಾಯವಾಗಿತ್ತು. ಅದಿದ್ದ ಜಾಗದಲ್ಲೇ ಸಮಿತಿಯ ಅಧ್ಯಕ್ಷರು ಚಕ್ಕಳಮಕ್ಕಳ ಹಾಕಿ ಕೂತರು.

"ಕಂಬ ಎಲ್ಲೈತಿ ಆಯಿ?" ಲಲಿತಾ ಪಿಸುಗುಟ್ಟಿದಳು.

"ನಮ್ಮ ಓಣ್ಯಾಗಿನ ಹೇಮಪ್ಪನ ಕಡಿಂದ ತಗಸೀನಿ. ದೊಡ್ಡ ಮಂದಿ ಬರೂದು, ನಡುಮನ್ಯಾಗ ಕಂಬ ಛಲೋ ಕಾಣತೈತೇನು?"

ತಾಲ್ಲೂಕು ಕಚೇರಿಯ ಪ್ರಭುರಾಜ ಅಧ್ಯಕ್ಷರ ಹಿಂದಿಯನ್ನು ಕನ್ನಡಕ್ಕೆ ತಂದ. "ಮನಿ ಭಾಳ ಛಂದ ಐತಿ ಅಂತಾರ ಸಾಹೇಬ್ರು. ನಿಮಗ ಏನು ತೊಂದ್ರಿ ಅಂತ ಕೇಳಾಕತ್ಯಾರ."

"ಏನೂ ತೊಂದ್ರಿ ಇಲ್ರಿ. ದೇವ್ರು ಛಲೋ ಇಟ್ಟಾನ," ಎಂದು ಮುದುಕಮ್ಮ ಸೆರಗು ಸರಿಮಾಡಿಕೊಂಡಳು. ಮನೆಗೆ ಬಂದವರು ನೀರು ಕುಡಿಯುವ ಮೊದಲೇ ಗೋಳು ತೋಡಿಕೊಳ್ಳುವ ಜಾಯಮಾನ ಅವಳದಲ್ಲ.

ಅಧ್ಯಕ್ಷರು ತಲೆಯಾಡಿಸಿ ಬರೆಯತೊಡಗಿದರು. ಅರವತ್ತು ಮನೆಯ ಹಣೆಬರಹ ಅಲ್ಲಿಗೆ ಮುಗಿಯಿತು ಎಂದು ಲಲಿತಾ ಹಲ್ಲು ಕಚ್ಚಿದಳು. ಅಷ್ಟರಲ್ಲಿ ಮೇಲೆ ಲಟಕ್ಕೆಂದಿತು.

"ಏಳ್ರಿ! ಹೊರಗ ನಡೀರಿ ಎಲ್ಲಾರೂ!" ಎಂದು ಲಲಿತಾ ಕಿರುಚಿ, ಜಂತಿಯ ಸೀರೆಯನ್ನು ಜಗ್ಗಿದಳು. ಬುಟ್ಟಿಯಷ್ಟು ಮಣ್ಣು ಜಮಖಾನದ ಮೇಲೆ ಸುರಿಯಿತು. ಬಾಯಿ ಬಿಟ್ಟ ತೊಲೆ ಎಲ್ಲರಿಗೂ ಕಂಡಿತು. ದಿಲ್ಲಿಯ ದೊಡ್ಡವರು ಚಪ್ಪಲಿ ಮೆಟ್ಟುವುದನ್ನೂ ಮರೆತು ಅಂಗಳಕ್ಕೆ ಓಡಿದರು.

ಅಧ್ಯಕ್ಷರು ಅಂಗಳದಲ್ಲೇ ನಿಂತು ಮೊದಲು ಬರೆದದ್ದನ್ನು ಹೊಡೆದುಹಾಕಿ ಒಂದು ಪುಟ ತುಂಬಿಸಿದರು. ಗೋಡೆ ನೋಡಿ ಮನೆ ಅಳೆಯುವ ನಿಯಮ ಹೋಗಬೇಕೆಂದು ವರದಿಯಲ್ಲಿ ಹೇಳುತ್ತೇವೆ ಎಂದರು. ಜೀಪುಗಳು ಹೋದವು. ಲಲಿತಾಳಿಗೆ ಖುಷಿಗೆ ಕೂಗಬೇಕೆನಿಸಿತು.

ಹಿಂತಿರುಗಿ ನೋಡಿದರೆ ಮುದುಕಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಪಕ್ಕದ ಮನೆಯ ಹಸನಬೀ ಕಾಸಿ ತಂದ ಚಹಾದ ಕಪ್ಪುಗಳ ತಟ್ಟೆ ಅವಳ ಮುಂದೆ ಹಾಗೇ ಇತ್ತು.

"ಒಬ್ರೂ ಒಂದು ಗುಟುಕು ಕುಡೀಲಿಲ್ಲ ನೋಡು," ಎಂದಳು.

"ಅರವತ್ತು ಮಂದಿಗಿ ಮನಿ ಸಿಗಬಹುದು, ಆಯಿ."

"ಸಿಗಲಿ ಯವ್ವಾ, ಛಲೋ ಆತು. ಆದ್ರ ನನ್ನ ಮನಿ ಬಿಟ್ಟು ಮಂದಿ ಓಡಿಹೋಗೂದು ಇವತ್ತ ನೋಡಿದೆ. ಓಡಿಸಿದಾಕಿ ನೀನು."

ಲಲಿತಾಳಿಗೆ ನಾಚಿಕೆಯಿಂದ ಮುಖ ಸುಟ್ಟಂತಾಯಿತು. ತಟ್ಟೆಯಿಂದ ಒಂದು ಕಪ್ಪು ಎತ್ತಿಕೊಂಡು, ಮುದುಕಮ್ಮನನ್ನು ದಾಟಿ ಒಳಗೆ ಹೋಗಿ, ಮಣ್ಣು ಬಿದ್ದ ಜಮಖಾನದ ಮೇಲೆ, ಅಧ್ಯಕ್ಷರು ಕೂತಲ್ಲೇ ಕೂತು ಆರಿದ ಚಹಾ ಕುಡಿಯತೊಡಗಿದಳು.

ಮುದುಕಮ್ಮ ಒಂದು ಗಳಿಗೆ ನೋಡಿದಳು. ಆಮೇಲೆ ದಡಬಡಿಸಿ ಎದ್ದು ಬಂದು ಅವಳ ರಟ್ಟೆ ಹಿಡಿದು ಎಳೆದಳು.

"ಏಳ ಹುಚ್ಚಿ, ಹೊರಗ ನಡಿ! ಈ ಮನಿ ಯಾವಾಗ ಬೀಳತೈತೋ ಗೊತ್ತಿಲ್ಲ!"