ವಾಸಕ್ಕೆ ಸಾಕ್ಷಿ

ದೇಶ ಕಾದವನಿಗೆ ಬ್ಯಾಂಕು ಕೊಡುವ ಮರ್ಯಾದೆ ನೋಡಿದರೆ ಯಾರಿಗಾದರೂ ಕಣ್ಣು ತುಂಬಿ ಬರಬೇಕು. ನಿವೃತ್ತ ಸೈನಿಕರಿಗೆಂದೇ ಬೇರೆ ಕೌಂಟರು, ಅದರ ಮೇಲೊಂದು ಪುಟ್ಟ ಬಾವುಟ, ಹಿಂದಿನ ಗೋಡೆಯಲ್ಲಿ ಹಲ್ಲು ಕಿರಿಯುವ ಯೋಧನ ಚಿತ್ರ. ಆ ಹಲ್ಲು ನೋಡಿದರೇ ಗೊತ್ತಾಗುತ್ತಿತ್ತು, ಆಸಾಮಿ ಒಂದು ದಿನವೂ ರೇಷನ್ ಬಿಸ್ಕತ್ತು ಕಡಿದವನಲ್ಲ. ಮುಂಗಡವಿಲ್ಲದೆ ಗೃಹಸಾಲ, ಅದೂ ಅರ್ಧ ಬಡ್ಡಿಗೆ. ಷರತ್ತು ಒಂದೇ: ಸಾಲ ಪಡೆದವನು ಅದೇ ಮನೆಯಲ್ಲಿ ವಾಸವಿರಬೇಕು. ಬಾಡಿಗೆಗೆ ಕೊಟ್ಟರೆ, ಬೀಗ ಜಡಿದರೆ ರಿಯಾಯಿತಿ ರದ್ದು. ಬ್ಯಾಂಕಿನ ಪ್ರತಿ ಸಂದೇಶವೂ 'ನಿಮ್ಮ ಸೇವೆಗೆ ನಾವು ಚಿರಋಣಿ' ಎಂದೇ ಶುರುವಾಗುತ್ತಿತ್ತು. ಚಿರಋಣಿ ಬ್ಯಾಂಕು, ಕಂತು ಕಟ್ಟುವವನು ಮಾತ್ರ ನಮ್ಮ ಸಾರ್ಜೆಂಟ್.

ಸಾರ್ಜೆಂಟನ ಹೆಂಡತಿಗೆ ಅದರ ಬಗ್ಗೆ ತಕರಾರಿರಲಿಲ್ಲ. ಮದುವೆಯಾದಾಗಿನಿಂದ ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಅಲೆದವಳಿಗೆ ಎರಡು ಕೋಣೆಯ ಈ ಮನೆಯಿಂದ ಸ್ವರ್ಗಕ್ಕೆ ಮೂರೇ ಗೇಣು. ಅರ್ಧ ಬಡ್ಡಿಯಾದರೆ ಪಿಂಚಣಿಯಲ್ಲಿ ಹೇಗೋ ತೂಗಿಸಬಹುದು. ಪೂರ್ತಿ ಬಡ್ಡಿ ಬಿದ್ದರೆ ಮನೆ ಬ್ಯಾಂಕಿನದೇ.

ಎಲ್ಲ ಸರಿಯಾಗಿಯೇ ಇತ್ತು, 'ಸೋಮವಾರ ಇನ್‌ಸ್ಪೆಕ್ಷನ್' ಎಂಬ ಸಂದೇಶ ಬರುವವರೆಗೆ. ಬ್ಯಾಂಕಿನವರ ಅರ್ಥದಲ್ಲಿ ಅದೊಂದು ಸಾಮಾನ್ಯ ಭೇಟಿ. ಸಾರ್ಜೆಂಟನ ಬದುಕಿನಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ: ಬ್ಯಾರಕ್ಕಿನ ತಪಾಸಣೆ.

ಹೂಕುಂಡಗಳಿಗೆ ಸುಣ್ಣ ಬಿತ್ತು. ಬಾಗಿಲ ಬಳಿಯ ಚಪ್ಪಲಿ ಮಾಯವಾದವು. ಫ್ರಿಜ್ಜು ಖಾಲಿಯಾಯಿತು. ಸ್ನಾನದ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷುಗಳ ಸುಳಿವಿಲ್ಲ, ಹೊಸ ಸೋಪು ಕಾಗದದೊಳಗೇ ಕೂತಿತ್ತು. ಕಸದ ಡಬ್ಬಿಯನ್ನು ಸಾರ್ಜೆಂಟ್ ತೊಳೆದು, ಒಣಗಿಸಿ, ಇನ್ನೊಮ್ಮೆ ತೊಳೆದ. ಒಲೆ ಹಚ್ಚಲು ಅಪ್ಪಣೆಯಿಲ್ಲದ್ದರಿಂದ ಗಂಡ ಹೆಂಡತಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿಂದರು.

"ಇದು ನಮ್ಮ ಸ್ವಂತ ಮನೆ ಕಣ್ರೀ, ಕ್ವಾರ್ಟರ್ಸ್ ಅಲ್ಲ," ಎಂದಳು ಅವಳು. "ಇಲ್ಲಿ ಉಸಿರಾಡೋಕಾದ್ರೂ ಪರ್ಮಿಷನ್ ಇದೆಯಾ?"

"ಮೆಲ್ಲಗೆ ತಿನ್ನು, ಚೂರು ಬೀಳುತ್ತೆ," ಎಂದ ಸಾರ್ಜೆಂಟ್.

ಸೋಮವಾರ ಬಂದ ಪರಿಶೀಲಕನಿಗೆ ಜೋರು ನೆಗಡಿ. ಮೂಗು ಒರೆಸಿದ ಕಾಗದವನ್ನು ಎಸೆಯಲು ಡಬ್ಬಿ ತೆರೆದವನು ಅದರೊಳಗನ್ನೇ ಬಹಳ ಹೊತ್ತು ನೋಡಿದ. ಫ್ರಿಜ್ಜಿನ ಫೋಟೊ, ಸೋಪಿನ ಫೋಟೊ ತೆಗೆದ. ಮಲಗುವ ಕೋಣೆಯ ತನಕ ಹೋಗುವ ಅಗತ್ಯವೇ ಅವನಿಗೆ ಕಾಣಲಿಲ್ಲ. "ಇಷ್ಟು ಕ್ಲೀನಾಗಿರೋ ಮನೆ ನನ್ನ ಸರ್ವೀಸಲ್ಲೇ ನೋಡಿಲ್ಲ," ಎಂದ. ಸಾರ್ಜೆಂಟನ ಎದೆ ಎರಡಿಂಚು ಉಬ್ಬಿತು.

ವಾರದೊಳಗೆ ಚಿರಋಣಿಗಳಿಂದ ಸಂದೇಶ ಬಂತು. ಮನೆಯಲ್ಲಿ ಯಾರೂ ವಾಸವಿರುವ ಕುರುಹಿಲ್ಲ, ಮಾರಾಟಕ್ಕೆ ಸಜ್ಜುಗೊಳಿಸಿದಂತಿದೆ, ರಿಯಾಯಿತಿ ರದ್ದು. ಸಾರ್ಜೆಂಟ್ ಕುರ್ಚಿಯಲ್ಲಿ ಕುಸಿದ. ಹೆಂಡತಿಗೆ ಅಳು ಬರಬೇಕಿತ್ತು, ಸಿಟ್ಟು ಮೊದಲು ಬಂತು. ಅವನನ್ನು ಎಳೆದುಕೊಂಡೇ ಬ್ಯಾಂಕಿಗೆ ಹೋದಳು. ಬಾವುಟದಡಿಯ ಮ್ಯಾನೇಜರಮ್ಮ ಅವನ ಸೇವೆಗೆ ಮತ್ತೊಮ್ಮೆ ಕೃತಜ್ಞತೆ ಹೇಳಿ, ಒಂದೇ ಒಂದು ಮರುಪರಿಶೀಲನೆಗೆ ಒಪ್ಪಿದಳು. ಅದೇ ಕೊನೆ, ಆಮೇಲೆ ಏನೂ ಮಾಡಲಾಗದು.

ಈ ಸಲ ದಂಡಯಾತ್ರೆಯ ನಾಯಕಿ ಹೆಂಡತಿಯೇ. ಪೊರಕೆಯನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದಳು. ಸಿಂಕಿನಲ್ಲಿ ಪಾತ್ರೆ ರಾಶಿ ಹಾಕಿದಳು. ಸೋಫಾದ ಮೇಲೆ ಟವೆಲ್ಲು ಎಸೆಯಲು ಗಂಡನಿಗೆ ಹೇಳಿದರೆ ಅವನು ನಾಲ್ಕು ಮೂಲೆ ಸರಿ ಮಾಡಿ ಎಸೆದ.

"ಯುದ್ಧ ಮಾಡಿ ಬಂದ ಗಂಡಸಿಗೆ ಒಂದು ಟವೆಲ್ ಎಸೆಯೋಕೆ ಬರಲ್ವಾ? ಯಾವಾಗ್ಲೂ ಹೊರಡೋ ಹಾಗೇ ಬದುಕ್ತೀರಿ ನೀವು!"

ಅದೇ ಪರಿಶೀಲಕ ಬಂದಾಗ ಸಾರ್ಜೆಂಟ್ ಹಳೇ ಬನಿಯನ್ನಿನಲ್ಲಿ, ನಿನ್ನೆಯ ಚಹಾ ಲೋಟದ ಪಕ್ಕ, ಶಿಕ್ಷೆಗೆ ಗುರಿಯಾದವನಂತೆ ಕೂತಿದ್ದ. ಪರಿಶೀಲಕ ಸಿಂಕು ನೋಡಿದ, ಟವೆಲ್ಲು ನೋಡಿದ, ತಲೆಯಾಡಿಸಿದ. ಹೆಂಡತಿಗೆ ಹೋದ ಜೀವ ಬಂದಂತಾಯಿತು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಅವನು ಮಲಗುವ ಕೋಣೆಗೆ ಹೋಗಿ ಅವಳ ಕಪಾಟು ತೆರೆದ.

ಕಪಾಟು ಖಾಲಿಯಿತ್ತು.

ಮಂಚದ ಕೆಳಗೆ ಕಬ್ಬಿಣದ ಟ್ರಂಕು. ಸುತ್ತಲೂ ಹಗ್ಗ ಬಿಗಿದಿತ್ತು. ನಾಲ್ಕಾರು ಬಟ್ಟೆ ಬಾಗಿಲ ಹಿಂದೆ ನೇತಾಡುತ್ತಿದ್ದವು, ಉಳಿದದ್ದೆಲ್ಲ ಅದರೊಳಗೇ.

"ಎಲ್ಲಿಗಾದ್ರೂ ಹೊರಟಿದ್ದೀರಾ ಅಮ್ಮಾ?"

ಈ ಮನೆಗೆ ಬಂದ ದಿನ 'ಆಮೇಲೆ ಬಿಚ್ಚಿದರಾಯಿತು' ಎಂದು ಟ್ರಂಕನ್ನು ಮಂಚದಡಿ ತಳ್ಳಿದವಳು ಅವಳೇ. ಗಂಡನನ್ನು ಇಷ್ಟು ದಿನ ಆಡಿಕೊಂಡದ್ದೆಲ್ಲ ನೆನಪಾಗಿ ಮುಖ ಬಿಸಿಯಾಯಿತು. ಮನೆ ತನ್ನಿಂದಲೇ ಹೋಯಿತು ಅನ್ನಿಸಿತು.

ಸಾರ್ಜೆಂಟ್ ಬಾಗಿಲಲ್ಲಿ ಬಂದು ನಿಂತ. "ಪ್ರತಿ ಸಲ ಟ್ರಾನ್ಸ್‌ಫರ್ ಆರ್ಡರ್ ಬರೋಕೆ ಮುಂಚೆನೇ ಕಟ್ಟಿಡ್ತಿದ್ಲು ಸರ್. ಇನ್ಮೇಲೆ ಆರ್ಡರ್ ಬರಲ್ಲ ಅಂತ ಇವಳಿಗೆ ಯಾರೂ ಹೇಳಿಲ್ಲ," ಎಂದ. ಆಮೇಲೆ, "ನಾನು ಹೇಳ್ಬೇಕಿತ್ತು," ಎಂದ.

ಪರಿಶೀಲಕ ಮೂಗು ಒರೆಸಿಕೊಂಡ. ನೆಗಡಿಯಿಂದಲೇ ಇರಬೇಕು, ಬ್ಯಾಂಕಿನವರಿಗೆ ಬೇರೆ ಕಾರಣ ಇರುವುದಿಲ್ಲ. "ನನ್ನ ಫೋನಲ್ಲಿ ಎರಡೇ ಬಟನ್ ಇರೋದು. ವಾಸ ಇದ್ದಾರೆ, ವಾಸ ಇಲ್ಲ. ನಾನು ಹೊರಗೆ ಕೂತಿರ್ತೀನಿ. ಈ ಕಪಾಟು ತುಂಬಿದ ಮೇಲೆ ಫೋಟೊ ತೆಗೆದು ಮೊದಲನೇದನ್ನ ಒತ್ತುತ್ತೀನಿ. ಬೇಗ ಬೇಡ, ನಿಧಾನಕ್ಕೇ ಬಿಚ್ಚಿ."

ಅವಳು ಟ್ರಂಕನ್ನು ಹೊರಗೆಳೆದು ನೆಲದ ಮೇಲೆ ಕೂತಳು. ಗಂಟು ಅವಳೇ ಹಾಕಿದ್ದು, ಆದರೂ ಉಗುರಿಗೆ ಬಗ್ಗಲಿಲ್ಲ. ಸಾರ್ಜೆಂಟ್ ಅಡುಗೆಮನೆಯಿಂದ ಚಾಕು ತಂದು ಹಗ್ಗಕ್ಕೆ ಹಿಡಿದ. ಅವಳು ತಟ್ಟನೆ ಅವನ ಕೈ ಹಿಡಿದಳು.

"ಕತ್ತರಿಸ್ಬೇಡಿ ರೀ, ಮುಂದಿನ ಸಲಕ್ಕೆ ಬೇಕಾಗುತ್ತೆ!"

ಅವನು ಕಣ್ಣು ತಗ್ಗಿಸಿದ. ಅವಳು ಆ ಚಾಕುವನ್ನು ಅವನ ಕೈಯಿಂದ ತೆಗೆದುಕೊಂಡು, ಅಳುತ್ತಲೇ, ಹಗ್ಗವನ್ನು ತಾನೇ ಕೊಯ್ದಳು.