ಚಪ್ಪರ ದಾಟದ ಮಾತು

ಬಾಗಲೂರಿನ ಆಚೆಯ ನಮ್ಮ ಹಳ್ಳಿಯಲ್ಲಿ ಮದುವೆ ಹೊಸೂರಿನ ಚೌಲ್ಟ್ರಿಯಲ್ಲೇ ನಡೆಯಲಿ, ಹೆಣ್ಣಿನ ಮನೆಯ ಮುಂದೆ ಹಸಿರು ಚಪ್ಪರ ಹಾಕದೆ ಯಾರೂ ಹೊರಡುವುದಿಲ್ಲ. ಆ ಚಪ್ಪರಕ್ಕೆ ಮೊದಲ ನೇರಳೆ ಕೊಂಬೆ ಕಟ್ಟುವವನು ದಾಸಪ್ಪ. ಯಾರೂ ನೇಮಿಸಿದ್ದಲ್ಲ. ಅವನ ಕೈಗುಣ ಒಳ್ಳೆಯದು ಎಂದು ಯಾವಾಗಲೋ ಯಾರೋ ಅಂದರು, ಆಮೇಲೆ ಊರೆಲ್ಲ ಅದನ್ನೇ ಅಂದಿತು. ಹೃದಯದ ವಾಲ್ವ್ ಬದಲಾಯಿಸಿಕೊಂಡು ಬಂದ ಮೇಲೂ ಅವನು ಆ ಕೆಲಸ ಬಿಟ್ಟುಕೊಟ್ಟಿರಲಿಲ್ಲ.

ವಾಲ್ವ್ ಹಾಕಿದಾಗಿನಿಂದ ದಿನಾ ಸಂಜೆ ಒಂದು ಮಾತ್ರೆ. ರಕ್ತ ಹೆಪ್ಪುಗಟ್ಟದ ಹಾಗೆ ತೆಳುವಾಗಿ ಇಡುವ ಮಾತ್ರೆ. ತಪ್ಪಿಸಿದರೆ ವಾಲ್ವ್ ಕಟ್ಟಿಕೊಂಡು ಪ್ರಾಣಕ್ಕೇ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಡ್ಡ ಕೆರೆಯುವಾಗ ಒಂದು ಗೀರು ಬಿದ್ದರೆ ಸಾಕು, ಟವಲು ಒದ್ದೆಯಾಗುವಷ್ಟು ರಕ್ತ.

"ನಮ್ಮ್ ಯಜಮಾನ್ರು ಈಗ ನೀರ್ಮಜ್ಜಿಗೆ ಕಣಮ್ಮ," ಎಂದು ಹೆಂಡತಿ ಪಾಪಮ್ಮ ಎಲ್ಲರನ್ನೂ ನಗಿಸುತ್ತಿದ್ದಳು. "ಬೈಯಾಕೂ ಭಯ, ಎಲ್ಲಿ ಹರ್ದೋಗ್ಬುಡ್ತಾರೋ ಅಂತ."

ರಾಮಚಂದ್ರಪ್ಪನ ಮಗಳು ಸಹನಾಳ ಮದುವೆಗೆ ಒಂದು ದಿನ ಮುಂಚೆ, ಬೆಳಿಗ್ಗೆಯೇ ಚಪ್ಪರದ ಕಂಬಗಳು ಎದ್ದವು. ದಾಸಪ್ಪ ಏಣಿ ಹತ್ತಿದ.

"ದಾಸಪ್ಪಣ್ಣ, ನೀನು ಕೆಳಗ್ ನಿಂತ್ಕೊಂಡು ಹೇಳು ಸಾಕು, ನಮ್ಮ್ ರಾಜೇಶ ಕಟ್ತಾನೆ," ಎಂದ ರಾಮಚಂದ್ರಪ್ಪ.

"ನಿನ್ ಮಗ ಕಟ್ಟಿದ್ರೆ ಬೀಗ್ರು ಬರಾಕ್ ಮುಂಚೆ ಚಪ್ಪರಾನೇ ಎದುರ್ಗೊಳ್ಳಾಕೆ ಹೋಯ್ತದೆ. ಸುಮ್ಕಿರ್ಲಾ!"

ಎಲ್ಲರೂ ನಗುತ್ತಿರುವಾಗಲೇ ಅವನ ಕಾಲು ಜಾರಿತು. ಎತ್ತರವೇನಲ್ಲ, ಒಂದಾಳುದ್ದ. ಬೀಳುವಾಗ ತಲೆ ಕಂಬಕ್ಕೆ ತಗುಲಿತು. ಒಂದು ಹನಿ ರಕ್ತವೂ ಬರಲಿಲ್ಲ. ಕಿವಿಯ ಮೇಲೆ ನೆಲ್ಲಿಕಾಯಿಯಷ್ಟು ಊದಿತು, ಅಷ್ಟೆ. ದಾಸಪ್ಪ ಎದ್ದು ಪಂಚೆ ಕೊಡವಿಕೊಂಡು, "ಏನೂ ಆಗಿಲ್ಲ, ನಡೀರಿ ನಡೀರಿ," ಎಂದ.

ಆದರೆ ನಗು ನಿಂತುಹೋಗಿತ್ತು. ಕಟ್ಟುತ್ತಿರುವ ಚಪ್ಪರದಿಂದ ಆಳು ಬಿದ್ದರೆ ಆ ಮದುವೆಗೆ ಒಳ್ಳೆಯದಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ. ಹಾಗೇನಾದರೂ ಆದರೆ, ತಾಳಿ ಕಟ್ಟುವವರೆಗೂ ಆ ಮಾತು ಚಪ್ಪರ ದಾಟಬಾರದು. ಗಂಡಿನವರ ಕಿವಿಗೆ ಬಿದ್ದರೆ ಹೆಣ್ಣಿನ ತಲೆಗೇ ಬರುತ್ತದೆ. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರಾಮಚಂದ್ರಪ್ಪ ಪಾಪಮ್ಮನ ಮುಖ ನೋಡಿದ. ಅವಳು ತಲೆಯಾಡಿಸಿದಳು. ಸಹನಾ ಅವಳು ಎತ್ತಿ ಆಡಿಸಿದ ಹುಡುಗಿ.

ಮಧ್ಯಾಹ್ನ ಊಟಕ್ಕೆ ಕೂತಾಗ ದಾಸಪ್ಪ ತಲೆನೋವು ಅಂದ. ಪಾಪಮ್ಮ ಬಾಗಲೂರಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಗಂಡಿನ ಕಡೆಯ ನೆಂಟರೊಬ್ಬರು ಚೀಟಿ ಹಿಡಿದು ಕೂತಿದ್ದರು. "ಬಿಸ್ಲಿಗೆ ತಲೆನೋವು ಸಾರ್," ಎಂದಳು. ಬಿದ್ದದ್ದನ್ನು ಹೇಳಲಿಲ್ಲ. ಡಾಕ್ಟರು ನೋವಿಗೆ ಮಾತ್ರೆ ಕೊಟ್ಟು, ಹೆಚ್ಚಾದರೆ ದೊಡ್ಡಾಸ್ಪತ್ರೆಗೆ ಹೋಗಿ ಎಂದರು.

ಬಿಸಿಲು ಇಳಿಯುವ ಹೊತ್ತಿಗೆ ದಾಸಪ್ಪ ವಾಂತಿ ಮಾಡಿಕೊಂಡ. ಆಡುವ ಮಾತು ತೊದಲತೊಡಗಿತು. ರಾಜೇಶ ಅವನನ್ನು ಕಾರಿನಲ್ಲಿ ಮಲಗಿಸಿಕೊಂಡು ಹೊಸೂರಿಗೆ ಓಡಿಸಿದ. ದಾಸಪ್ಪನ ಮಗಳು ಕಲ್ಪನಾ ಮೂಕಂಡಪಲ್ಲಿಯ ಫ್ಯಾಕ್ಟರಿಯಿಂದ ಯೂನಿಫಾರ್ಮಿನಲ್ಲೇ ನೇರ ಆಸ್ಪತ್ರೆಗೆ ಬಂದಳು.

ಅಲ್ಲಿದ್ದವರು ಶ್ರೀರಂಜನಿ ಎಂಬ ಡಾಕ್ಟರು, ಹೊಸೂರಿನವರೇ. "ಎಲ್ಲಾದ್ರೂ ಬಿದ್ರಾ? ತಲೆಗೆ ಏನಾದ್ರೂ ತಗುಲ್ತಾ?" ಎಂದು ಕೇಳಿದರು.

ಪಾಪಮ್ಮನ ಪಕ್ಕದಲ್ಲೇ ರಾಜೇಶ, ಮದುವಣಗಿತ್ತಿಯ ಅಣ್ಣ, ನಿಂತಿದ್ದ. "ಇಲ್ಲ ಕಣವ್ವ. ಬಿಸ್ಲು," ಎಂದಳು ಪಾಪಮ್ಮ.

"ಮೇಡಂ, ಅಪ್ಪಂಗೆ ವಾಲ್ವ್ ಹಾಕಿದ್ದಾರೆ," ಎಂದಳು ಕಲ್ಪನಾ. "ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ."

ಡಾಕ್ಟರ ಮುಖ ಬದಲಾಯಿತು. ಸ್ಕ್ಯಾನಿಗೆ ಸ್ಟ್ರೆಚರ್ ತರಲು ಕೂಗಿ ಹೇಳಿ, ಮತ್ತೆ ಪಾಪಮ್ಮನ ಕಡೆ ತಿರುಗಿದರು. "ಅಮ್ಮಾ, ಜ್ಞಾಪಿಸ್ಕೊಂಡು ಹೇಳಿ. ಈ ಮಾತ್ರೆ ತಗೊಳ್ಳೋರಿಗೆ ಚಿಕ್ಕ ಪೆಟ್ಟು ಬಿದ್ರೂ ತಲೆ ಒಳಗೆ ರಕ್ತ ಸೋರ್ತಾನೇ ಇರುತ್ತೆ. ಮೇಲೆ ಏನೂ ಕಾಣಲ್ಲ."

ಪಾಪಮ್ಮ ಸೆರಗು ಬಾಯಿಗೆ ಹಿಡಿದಳು. ಮಾತಾಡಿದವನು ರಾಜೇಶ.

"ಬಿದ್ರು ಮೇಡಂ. ಬೆಳಿಗ್ಗೆ, ನಮ್ಮ ಮನೆ ಚಪ್ಪರದಿಂದ. ತಲೆ ಕಂಬಕ್ಕೆ ಹೊಡೀತು."

ಕಲ್ಪನಾ ತಾಯಿಯ ಕಡೆ ತಿರುಗಿದಳು. "ಬೆಳಿಗ್ಗೆ ಬಿದ್ದಿದ್ದು ಈಗ ಹೇಳ್ತಿದ್ದೀರಾ? ನಮ್ಮ ಫ್ಯಾಕ್ಟರಿ ಲೈನ್‌ನಲ್ಲಿ ಬೆರಳಿಗೆ ಗೀರಾದ್ರೂ ಬಾಯ್ಬಿಡ್ಬೇಕು!"

"ಒಂದು ಹೆಣ್ಣಿನ ಬಾಳು ಕಣೇ..."

"ಅಪ್ಪಂದು ಬಾಳಲ್ವಾ?"

ಸ್ಕ್ಯಾನಿನಲ್ಲಿ ನೋಡಿದರೆ, ತಲೆಬುರುಡೆಯ ಒಳಗೆ ರಕ್ತ ಕಟ್ಟಿಕೊಂಡು ಮಿದುಳನ್ನು ಒತ್ತುತ್ತಿತ್ತು. ತಕ್ಷಣ ಕೊಯ್ಯುವ ಹಾಗೂ ಇಲ್ಲ. ರಕ್ತ ಆ ಸ್ಥಿತಿಯಲ್ಲಿದ್ದರೆ ಕೊಯ್ದ ಕಡೆಯೆಲ್ಲ ಸೋರುತ್ತದೆ. ಮೊದಲು ಮಾತ್ರೆಯ ಶಕ್ತಿ ಇಳಿಸಲು ಇಂಜೆಕ್ಷನ್ನು, ಪ್ಲಾಸ್ಮಾ ಬಾಟಲಿಗಳು. ಆಮೇಲೆ ಆಪರೇಷನ್ನು. ಅದಾದ ಮೇಲೂ ನೆಮ್ಮದಿಯಿಲ್ಲ. ಮಾತ್ರೆ ನಿಲ್ಲಿಸಿದರೆ ವಾಲ್ವಿಗೆ ಅಪಾಯ, ಕೊಟ್ಟರೆ ತಲೆಗೆ ಅಪಾಯ. ಮಾತ್ರೆಯನ್ನು ಯಾವಾಗ ಮತ್ತೆ ಶುರು ಮಾಡಬೇಕು ಎಂದು ಡಾಕ್ಟರುಗಳೇ ಕೂಡಿ ಮಾತಾಡಬೇಕಾಯಿತು.

"ಬಿದ್ದ ಕೂಡಲೇ ಬಂದಿದ್ರೆ ಚೆನ್ನಾಗಿತ್ತು," ಎಂದರು ಶ್ರೀರಂಜನಿ. ಬೈಯಲಿಲ್ಲ. ಬೈದಿದ್ದರೆ ಪಾಪಮ್ಮನಿಗೆ ಹಗುರವಾಗುತ್ತಿತ್ತೋ ಏನೋ.

ಮಾರನೆಯ ಬೆಳಿಗ್ಗೆ ಸಹನಾಳ ಮದುವೆ ಆಯಿತು. ದಾಸಪ್ಪ ಉಳಿದ. ಆದರೆ ಬಲಗೈ ಏಳಲಿಲ್ಲ, ಊರಿಗೆಲ್ಲ ಹಂಚುವಷ್ಟಿದ್ದ ಮಾತು ಒಂದೊಂದಾಗಿ, ಅದೂ ತಪ್ಪು ತಪ್ಪಾಗಿ ಬರತೊಡಗಿತು.

ಮನೆಗೆ ಕರೆತಂದ ಮೇಲೆ ಒಂದು ದಿನ ಸಹನಾಳ ಅತ್ತೆ ಅಂಜಮ್ಮ ನೋಡಲು ಬಂದರು, ಹಿಂದೆಯೇ ರಾಮಚಂದ್ರಪ್ಪ. ಅಂಜಮ್ಮ ಹಣ್ಣಿನ ಚೀಲ ಕೆಳಗಿಟ್ಟು, ಮಂಚದ ಪಕ್ಕ ಕೂತರು.

"ರಾಜೇಶಪ್ಪ ಎಲ್ಲಾ ಹೇಳ್ದ," ಎಂದರು. "ನಮ್ಗೆ ಅವತ್ತೇ ಹೇಳಿದ್ರೆ ಮದ್ವೆ ನಿಂತೋಗ್ತಿತ್ತಾ ಬೀಗ್ರೇ? ನನ್ ಮದ್ವೇಲಿ ಚಪ್ಪರಾನೇ ಗಾಳಿಗೆ ಹಾರೋಯ್ತು. ನಲವತ್ತು ವರ್ಷ ಬಾಳಿದ್ವಿ. ಮನುಷ್ಯನ್ ಜೀವ ಹೋಯ್ತಿದ್ರೆ ಶಕುನ ನೋಡ್ತಾರೆ ಅಂತ ನಮ್ಮನ್ ಅಂದ್ಕೊಂಡ್ರಾ?"

ರಾಮಚಂದ್ರಪ್ಪ ಗೋಡೆಗೆ ಒರಗಿ ಕೂತ. "ನಾನ್ ಬಾಯಲ್ಲಿ ಏನೂ ಹೇಳ್ಲಿಲ್ಲ ಪಾಪಮ್ಮಕ್ಕ," ಎಂದ. "ಬರೀ ನೋಡ್ದೆ."

"ನೀನ್ ನೋಡ್ದೆ ಕಣಪ್ಪ. ನಾನೂ ತಲೆ ಆಡಿಸ್ದೆ," ಎಂದಳು ಪಾಪಮ್ಮ. "ಇವ್ರೂ ಏನೂ ಆಗಿಲ್ಲ ಅಂದ್ರು. ಮೂರು ಜನಾನೂ ಸೇರ್ಕೊಂಡೇ ಮಾಡಿದ್ದು. ಬೀಗ್ರನ್ನ ಕೇಳ್ಬೌದು ಅಂತ ಒಬ್ರಿಗೂ ಹೊಳೀಲಿಲ್ಲ."

ದಾಸಪ್ಪ ಎಡಗೈಯನ್ನು ಅಂಜಮ್ಮನ ಕಡೆ ಚಾಚಿ ಏನೋ ಹೇಳಲು ಹೋದ. ತುಟಿ ಅಲ್ಲಾಡಿತು, ಮಾತು ಹುಟ್ಟಲಿಲ್ಲ. ಅವನು ಹೆಂಡತಿಯ ಮುಖ ನೋಡಿದ. ನೀನೇ ಹೇಳು ಎನ್ನುವ ಹಾಗೆ.

"ಸಹನಾ ಹೆಂಗವ್ಳೆ ಅಂತ ಕೇಳ್ತಾವ್ರೆ," ಎಂದಳು ಪಾಪಮ್ಮ.