ಎರಡು ಹಿಡಿಯ ಲೋಟ

"ಗಿಂಡಿ ಎಲ್ಲುಂಟು ಸುಂದರಿ? ಬಾಯಿಗೆ ನೀರು ಬಿಡ್ಲಿಕ್ಕೆ ಜನ ಕಾಯ್ತಿದ್ದಾರೆ ಮಾರಾಯ್ತಿ!"

ಚಾವಡಿಯಿಂದ ಗಂಡನ ಅಕ್ಕ ದುಗ್ಗಮ್ಮ ಕೂಗುವಾಗ ಸುಂದರಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಕೈಯಾಡಿಸುತ್ತಿದ್ದಳು. ಹಿತ್ತಾಳೆಯ ಗಿಂಡಿಗಿಂತ ಮೊದಲು ಕೈಗೆ ತಾಗಿದ್ದು ಆ ನೀಲಿ ಲೋಟ. ಎರಡೂ ಕಡೆ ಹಿಡಿ, ಮುಚ್ಚಳಕ್ಕೊಂದು ಮೂತಿ. ಅದನ್ನು ಹಿಂದಕ್ಕೆ ತಳ್ಳಿ ಗಿಂಡಿ ತಂದಳು.

ಚಾವಡಿಯಲ್ಲಿ ಅವಳ ಗಂಡ ಪ್ರೇಮನಾಥನ ಹೆಣವನ್ನು ಮಲಗಿಸಿದ್ದರು. ಕುಂಬ್ರ ಜಂಕ್ಷನ್‌ನಲ್ಲಿ ಅವನ ಚಾ ಹೋಟೆಲಿತ್ತು. ಪಕ್ಕದ ಅಂಗಡಿಯ ಶಫೀಕ್ ಬಾಗಿಲಲ್ಲಿ ನಿಂತು ಹೇಳುತ್ತಿದ್ದ: "ಪ್ರೇಮಣ್ಣ ಎಷ್ಟು ಎತ್ತರದಿಂದ ಚಾ ಹೊಯ್ದರೂ ಒಂದು ಹನಿ ಹೊರಗೆ ಬೀಳ್ತಿರ್ಲಿಲ್ಲ. ಕಾಯಿಲೆ ಬಂದ ಮೇಲೆ ಆ ಕೈ ನಡುಗುದು ನೋಡ್ಲಿಕ್ಕೆ ಆಗ್ತಿರ್ಲಿಲ್ಲ ಮಾರಾಯ್ರೆ."

"ಆದ್ರೂ ಪುಣ್ಯವಂತ ನನ್ನ ತಮ್ಮ," ದುಗ್ಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೊನೆವರೆಗೆ ಲೋಟ ಮುಟ್ಲಿಕ್ಕೆ ಬಿಡ್ಲಿಲ್ಲ ಇವಳು. ಎಲ್ಲ ಹೆಂಡತಿ ಕೈಯಿಂದಲೇ."

ಬಂದವರೆಲ್ಲ ತಲೆದೂಗಿದರು. ಸುಂದರಿ ಅಡುಗೆಮನೆಯ ಕಡೆ ನೋಡಿದಳು.

*

ಅಪ್ಪನ ಕೈ ನಡುಗತೊಡಗಿದಾಗ ಆ ನೀಲಿ ಲೋಟವನ್ನು ಪುತ್ತೂರಿನಿಂದ ತಂದವಳು ಮಗಳು ತೃಪ್ತಿ. ಪ್ರೇಮನಾಥ ಎರಡೂ ಹಿಡಿಗಳನ್ನು ಗಟ್ಟಿಯಾಗಿ ಹಿಡಿದು, ಅಂಗಿಯ ಮೇಲೆ ಚೆಲ್ಲದೆ ಚಾ ಕುಡಿದು ಮುಗಿಸಿದ್ದ. ಲೋಟವನ್ನು ಮೇಜಿನ ಮೇಲೆ ಕುಕ್ಕಿ, ಗಿರಾಕಿಯ ಗತ್ತಿನಲ್ಲಿ ನಗುತ್ತ ಹೇಳಿದ್ದ:

"ಇನ್ನೊಂದು ಚಾ ಕೊಡಿ ಮಾರಾಯ್ರೆ!"

ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಆಮೇಲೆ ದಿನಾ ಅದೇ ಮಾತು, ಅದೇ ನಗು.

ಹೀಗಿರುವಾಗ ಒಂದು ದಿನ ದುಗ್ಗಮ್ಮ ಬಂದಳು. ಹೋದ ಮನೆಯ ಪಾತ್ರೆಯ ತಳವನ್ನೂ ತಿರುಗಿಸಿ ನೋಡುವ ಹೆಂಗಸು. "ಎಂತ ಇದು, ಸಣ್ಣ ಮಕ್ಕಳ ಹಾಗೆ? ಹೆಂಡತಿ ಇದ್ದೂ ಅವನೇ ಒದ್ದಾಡಿ ಕುಡಿಯುದಾ?"

ಅಂದೇ ಲೋಟ ಕಪಾಟು ಸೇರಿತು.

"ನನ್ನ ಲೋಟ ಎಲ್ಲುಂಟು?" ಪ್ರೇಮನಾಥ ಕೇಳಿದ.

"ನಾನಿಲ್ವಾ? ನಾನೇ ಕುಡಿಸ್ತೇನೆ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಬಾಯಿ ತೆರೆದ. ಮತ್ತೆಂದೂ ಲೋಟ ಕೇಳಲಿಲ್ಲ, ಇನ್ನೊಂದು ಚಾ ಕೂಡ ಕೇಳಲಿಲ್ಲ. ಎರಡು ಗುಟುಕಿಗೇ ಮುಖ ತಿರುಗಿಸುತ್ತಿದ್ದ. ಕಾಯಿಲೆಯಿಂದ ಬಾಯಿ ಕೆಟ್ಟಿದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಗಂಡನಿಗೆ ಕೈಯಾರೆ ಕುಡಿಸುತ್ತಾಳೆಂಬ ಊರವರ ಹೊಗಳಿಕೆ ಕಿವಿಗೆ ಹಿತವಾಗಿಯೂ ಇತ್ತು, ಸುಳ್ಳೇಕೆ?

*

ಒಬ್ಬೊಬ್ಬರೇ ತುಳಸಿ ಎಲೆಯಿಟ್ಟು ಗಿಂಡಿಯಿಂದ ನೀರು ಬಿಟ್ಟರು. ತೃಪ್ತಿಯದೂ ಆಯಿತು. ಕೊನೆಗೆ ಸುಂದರಿಯ ಸರದಿ.

ಅವಳು ಗಿಂಡಿಯನ್ನು ಕೆಳಗಿಟ್ಟು ಒಳಗೆ ಹೋದಳು. ಬರುವಾಗ ಕೈಯಲ್ಲಿ ನೀಲಿ ಲೋಟ, ಅದರ ತುಂಬ ಚಾ.

"ಇದೆಂತ ಸುಂದರಿ?" ದುಗ್ಗಮ್ಮ ಗಾಬರಿಯಾದಳು. "ಹೆಣದ ಬಾಯಿಗೆ ಚಾ ಬಿಡುದುಂಟಾ?"

"ಅವರ ಲೋಟ, ಅಕ್ಕ. ಅವರು ಕೇಳಿದ್ರು. ನಾನು ಕೊಡ್ಲಿಲ್ಲ."

ತೃಪ್ತಿ ಸರಿದು ಜಾಗ ಕೊಟ್ಟಳು. ಸುಂದರಿ ಗಂಡನ ತಲೆಯ ಬಳಿ ಕುಳಿತು ಲೋಟದ ಮೂತಿಯನ್ನು ಅವನ ತುಟಿಗೆ ತಾಗಿಸಿದಳು. ಒಂದು ಹಿಡಿಯನ್ನಷ್ಟೇ ತಾನು ಹಿಡಿದಳು. ಇನ್ನೊಂದನ್ನು ಅವನ ಕೈಯ ಕಡೆಗೆ ತಿರುಗಿಸಿ, ಖಾಲಿ ಬಿಟ್ಟಳು.